ಗಿರಣಿಯ ಸೋಲಾರ್‌ಗೆ ಬ್ಯಾಟರಿ ಬೇಕೇ? ಅನುಭವ ಇದ್ದವರು ತಿಳಿಸಿ

ಪ್ರಶ್ನೆ: ಬೆಟಗೇರಿ, ಗದಗ
ನಾವು ಎಂಟು ಹೆಣ್ಣುಮಕ್ಕಳು ಸೇರಿ ಖಡಕ್ ರೊಟ್ಟಿ ಕೇಂದ್ರ ನಡೆಸುತ್ತೇವೆ. ಮಾಳಿಗೆಯ ಮೇಲೆ 10 ಕಿಲೋವ್ಯಾಟ್ ಸೋಲಾರ್ ಇದೆ, ಕೆಳಗೆ 10 ಎಚ್‌ಪಿ ಹಿಟ್ಟಿನ ಗಿರಣಿ. ಹಗಲೆಲ್ಲ ರೊಟ್ಟಿ ಬಡಿಯುವುದರಲ್ಲೇ ಇರುತ್ತೇವೆ, ಜೋಳ ಬೀಸುವುದು ಸಂಜೆ ಆರರ ಮೇಲೆ. ಮಧ್ಯಾಹ್ನದ ಕರೆಂಟ್ ಲೈನಿಗೆ ಹೋಗುತ್ತದೆ, ಸಂಜೆ ಹೆಚ್ಚಿನ ದರ ಕೊಟ್ಟು ಲೈನಿನಿಂದ ಕೊಳ್ಳುತ್ತೇವೆ. ಕರೆಂಟ್ ಹೋದರೆ ಸುಡುಬಿಸಿಲಿದ್ದರೂ ಸೋಲಾರ್ ನಿಂತುಬಿಡುತ್ತದೆ. ಬ್ಯಾಟರಿ ಹಾಕಿಸಿ ಎಂದು ಮಾರುವವರು ಬೆನ್ನು ಬಿದ್ದಿದ್ದಾರೆ. ಏನು ಮಾಡೋಣ?

ಉತ್ತರ: ಹುಬ್ಬಳ್ಳಿ
ಅಕ್ಕಾ, ಸಾಲ ಮಾಡುವ ಮುಂಚೆ ನನಗಾದದ್ದನ್ನು ಕೇಳಿ. ನನ್ನದೂ ಗಿರಣಿಯೇ. ನಾಲ್ಕು ವರ್ಷದ ಹಿಂದೆ ಸೀಸ-ಆಮ್ಲದ ಬ್ಯಾಟರಿಗಳನ್ನು ಹಾಕಿಸಿದೆ. ಅವುಗಳ ಚಾರ್ಜನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು ಎಂದು ಮಾರಿದವರು ಹೇಳಲಿಲ್ಲ. ನಾನು ದಿನವೂ ಬರಿದಾಗುವವರೆಗೆ ಬಳಸಿದೆ, ಎರಡನೇ ಬೇಸಿಗೆಗೆ ಕೈಕೊಟ್ಟವು. ಲಿಥಿಯಂ ಬ್ಯಾಟರಿ ಇದಕ್ಕಿಂತ ಹೆಚ್ಚು ತಾಳುತ್ತದೆ, ನಿಜ. ಆದರೆ ಮೋಟಾರನ್ನು ನೇರವಾಗಿ ಹಚ್ಚಿದರೆ ಶುರುವಾಗುವ ಕ್ಷಣದಲ್ಲಿ ಅದು ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಆ ಎಳೆತಕ್ಕೆ ತಡೆಯುವ ಇನ್ವರ್ಟರ್ ಎಂದರೆ ಬೆಲೆ ಕೈಗೆಟಕುವುದಿಲ್ಲ.

ಲೆಕ್ಕ ಹಾಕಿ ನೋಡಿ. 10 ಎಚ್‌ಪಿ ಎಂದರೆ ಸುಮಾರು ಏಳೂವರೆ ಕಿಲೋವ್ಯಾಟ್. ನಿಮ್ಮ ಫಲಕಗಳು ಒಳ್ಳೆಯ ಬಿಸಿಲಿನಲ್ಲಿ ಹನ್ನೊಂದರಿಂದ ಎರಡರವರೆಗೆ ಕೊಡುವುದೂ ಹೆಚ್ಚು ಕಡಿಮೆ ಅಷ್ಟೇ. ಆ ಹೊತ್ತಿಗೆ ಒಬ್ಬರನ್ನು ರೊಟ್ಟಿಯಿಂದ ಬಿಡಿಸಿ ಗಿರಣಿಗೆ ನಿಲ್ಲಿಸಿ. ಕರೆಂಟ್ ಕೂಡಿಡುವ ಬದಲು ಹಿಟ್ಟು ಕೂಡಿಡಿ. ಗಿರಣಿಯಿಂದ ಬೀಳುವಾಗ ಹಿಟ್ಟು ಬಿಸಿಯಾಗಿರುತ್ತದೆ. ಬಟ್ಟೆಯ ಮೇಲೆ ಹರವಿ ಆರಿಸಿಯೇ ಡಬ್ಬಿಗೆ ತುಂಬಿ, ಇಲ್ಲದಿದ್ದರೆ ಒಳಗೆ ಬೆವರಿ ಗಂಟು ಕಟ್ಟುತ್ತದೆ. ಮೂರು ದಿನಕ್ಕಾಗುವಷ್ಟು ಸಾಕು. ಹಳೆಯದಾದರೆ ಜೋಳದ ಹಿಟ್ಟಿನ ಜಿಗಿ ಹೋಗಿ ರೊಟ್ಟಿ ಅಂಚಿನಲ್ಲಿ ಬಿರಿಯುತ್ತದೆ ಎಂಬುದು ನಿಮಗೇ ಚೆನ್ನಾಗಿ ಗೊತ್ತು.

ಕರೆಂಟ್ ಹೋದಾಗ ಸೋಲಾರ್ ನಿಲ್ಲುವುದು ದೋಷವಲ್ಲ. ಲೈನ್ ಬಂದ್ ಆಗಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಮಾಳಿಗೆಯ ವಿದ್ಯುತ್ ಹೊಡೆಯಬಾರದೆಂದು ಇನ್ವರ್ಟರ್ ತಾನಾಗಿ ನಿಲ್ಲುತ್ತದೆ. ದೀಪ, ಫ್ಯಾನ್‌ಗೆ ಬೇಕಿದ್ದರೆ ಚಿಕ್ಕದೊಂದು ಬ್ಯಾಟರಿ ಸಾಕು.

ಉತ್ತರ: ಬ್ಯಾಡಗಿ
ಮೆಣಸಿನಕಾಯಿಯ ಕೋಲ್ಡ್ ಸ್ಟೋರೇಜಿನಲ್ಲಿ ಯಂತ್ರ ನೋಡಿಕೊಳ್ಳುತ್ತೇನೆ. ಹುಬ್ಬಳ್ಳಿಯ ಅಣ್ಣ ಹೇಳಿದ್ದನ್ನೇ ನಾವು ತಂಪಿನಲ್ಲಿ ಮಾಡುತ್ತೇವೆ. ಬಿಸಿಲಿದ್ದಾಗ ಕಂಪ್ರೆಸರ್ ಪೂರ್ತಿ ಓಡಿಸಿ ಕೋಣೆಯನ್ನು ಎರಡು ಡಿಗ್ರಿ ಹೆಚ್ಚು ತಣ್ಣಗೆ ಮಾಡಿ, ಸಂಜೆ ಆರರಿಂದ ಹತ್ತರವರೆಗೆ ಆರಿಸುತ್ತೇವೆ. ಚೀಲದೊಳಗಿನ ಕಾಯಿಯೇ ತಂಪನ್ನು ಹಿಡಿದಿಟ್ಟುಕೊಳ್ಳುತ್ತದೆ. ಹತ್ತಕ್ಕೆ ಹೋಗಿ ನೋಡಿದರೆ ಒಂದೂವರೆ ಡಿಗ್ರಿ ಏರಿರುತ್ತದೆ, ಅಷ್ಟೇ. ಆದರೆ ಬಾಗಿಲು ಮುಚ್ಚಿರಬೇಕು. ಮೊದಲ ವಾರ ಸಂಜೆ ಲಾರಿ ಬಂದು ಬಾಗಿಲು ಮುಕ್ಕಾಲು ಗಂಟೆ ತೆರೆದೇ ಇತ್ತು, ರಾತ್ರಿಯೆಲ್ಲ ಯಂತ್ರ ಓಡಿಸಬೇಕಾಯಿತು. ಈಗ ಚೀಲ ಹೇರುವುದು ನಾಲ್ಕರೊಳಗೆ.

ಉತ್ತರ: ಮುಂಡರಗಿ
ಕಪ್ಪತಗುಡ್ಡದ ಕಡೆ ಗಾಳಿಯಂತ್ರಗಳ ದುರಸ್ತಿ ಮಾಡುತ್ತೇನೆ. ಆಷಾಢದಲ್ಲಿ ಮೋಡ ಕವಿದು ನಿಮ್ಮ ಸೋಲಾರ್ ಸೊರಗಿದಾಗ ಇಲ್ಲಿ ರೆಕ್ಕೆಗಳು ಹಗಲಿರುಳು ತಿರುಗುತ್ತವೆ. ಆದರೆ ಗಾಳಿಯ ವೇಗ ಅರ್ಧಕ್ಕೆ ಇಳಿದರೆ ಅದರಲ್ಲಿರುವ ಶಕ್ತಿ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅದನ್ನೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ. ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಹೊತ್ತು ಮುಳುಗಿದರೆ ಸೊನ್ನೆ, ಅದೇ ಹೊತ್ತಿಗೆ ನಾಡೆಲ್ಲ ದೀಪ ಹಚ್ಚುತ್ತದೆ. ಆಗ ನಿಮಿಷಗಳಲ್ಲಿ ಕೈಗೆ ಬರುವುದು 1,035 ಮೆಗಾವ್ಯಾಟ್‌ನ ಶರಾವತಿಯಂಥ ಜಲವಿದ್ಯುತ್. ಆರಿದ ಕಲ್ಲಿದ್ದಲಿನ ಬಾಯ್ಲರ್ ಕಾಯಲು ಗಂಟೆಗಟ್ಟಲೆ ಬೇಕು. ನೀವು ಸಂಜೆ ಬೀಸುವುದನ್ನು ಮಧ್ಯಾಹ್ನಕ್ಕೆ ತಂದರೆ ಲಿಂಗನಮಕ್ಕಿಯಲ್ಲಿ ಅಷ್ಟು ನೀರು ಉಳಿಯಿತು ಎಂದೇ ನಾನು ಎಣಿಸುತ್ತೇನೆ.

ಬೆಟಗೇರಿಯಿಂದ ಮತ್ತೆ
ಎಲ್ಲರಿಗೂ ಶರಣು. ಹದಿನೈದು ದಿನವಾಯಿತು. ಹನ್ನೊಂದಕ್ಕೆ ಗಿರಣಿ ಶುರು, ಒಂದರ ಹೊತ್ತಿಗೆ ಹಿಟ್ಟು ಬಟ್ಟೆಯ ಮೇಲೆ. ನಿನ್ನೆ ದಿನವಿಡೀ ಮೋಡವಿತ್ತು. ಡಬ್ಬಿಯಲ್ಲಿದ್ದ ಹಿಟ್ಟಿನಲ್ಲೇ ರೊಟ್ಟಿ ಬಡಿದೆವು, ಗಿರಣಿ ಹಚ್ಚಲೇ ಇಲ್ಲ.