ಗಬ್ಬದ ಹಸುವನ್ನು ಕಿಚ್ಚು ಹಾಯಿಸಬಹುದಾ?

ಮದ್ದೂರಿನ ಸೊಸೆ:
ನಮ್ಮ ಗೌರಿಗೆ ಈಗ 7 ತಿಂಗಳು. ಎಚ್‌ಎಫ್ (ಹಾಲ್‌ಸ್ಟೀನ್ ಫ್ರೀಸಿಯನ್ ತಳಿ) ಹಸು, ಮೈಭಾರ ಜಾಸ್ತಿ. ಸಂಕ್ರಾಂತಿ ಸಂಜೆ ಊರಿನ ದನವೆಲ್ಲ ಕಿಚ್ಚು ಹಾಯುವಾಗ (ಉರಿಯುವ ಹುಲ್ಲನ್ನು ಹಾರಿ ದಾಟುವಾಗ) ಇವಳೊಬ್ಬಳನ್ನು ಕೊಟ್ಟಿಗೆಯಲ್ಲೇ ಬಿಟ್ಟರೆ ದೃಷ್ಟಿ ತಾಗುತ್ತೆ ಅಂತ ಅತ್ತೆ ಹಟ ಹಿಡಿದಿದ್ದಾರೆ. ಈಗ ಟಾರ್ ರಸ್ತೆ ಮೇಲೇ ಹುಲ್ಲು ಹಾಸಿ ಬೆಂಕಿ ಹಚ್ಚುತ್ತಾರೆ, ಅದೇ ನನಗೆ ಭಯ. ನೀವೆಲ್ಲ ಏನು ಮಾಡ್ತೀರಿ? ಇನ್ನೊಂದು, ನಗಬೇಡಿ, ಮಗ ನಾಯಿಯನ್ನೂ ಕರ್ಕೊಂಡು ಬರ್ತೀನಿ ಅಂತಿದ್ದಾನೆ.

ಹಳೇ ಗೌಡ:
ಬೇಡವೇ ಬೇಡ ಕಣಮ್ಮ. ಗಬ್ಬದ ಹಸು, ಎಳೆ ಕರು ಎರಡನ್ನೂ ನಮ್ಮಪ್ಪನ ಕಾಲದಲ್ಲೇ ಹಾಯಿಸುತ್ತಿರಲಿಲ್ಲ. ಬೆಳಿಗ್ಗೆ ಮೈ ತೊಳೆದು, ಅರಿಶಿನ ಹಚ್ಚಿ, ಪೊಂಗಲ್ ತಿನ್ನಿಸಿ, ಸಂಜೆ ಕೊಟ್ಟಿಗೆ ಬಾಗಿಲಲ್ಲೇ ದೃಷ್ಟಿ ತೆಗೆಯುತ್ತಿದ್ದೆವು. ಮೈಸೂರು ಹತ್ತಿರದ ಸಿದ್ದಲಿಂಗಪುರದ ಕಿಚ್ಚನ್ನು ಟಿವಿಯಲ್ಲಿ ನೋಡಿ ನಮ್ಮೂರ ಹುಡುಗರೂ ಎತ್ತರಕ್ಕೆ ಹುಲ್ಲು ಒಟ್ಟುತ್ತಾರೆ. ಹೋದ ವರ್ಷ ನಮ್ಮ ಹೋರಿ ಬೆಂಕಿ ಮುಂದೆ ಗಕ್ಕನೆ ನಿಂತು ಹಿಂದಕ್ಕೆ ತಿರುಗಿದ ಏಟಿಗೆ ಹಗ್ಗ ಜಾರಿ ನನ್ನ ಅಂಗೈ ಚರ್ಮವೇ ಕಿತ್ತು ಬಂತು, ಹದಿನೈದು ದಿನ ಮುದ್ದೆ ಮುರಿಯೋಕೂ ಆಗಲಿಲ್ಲ.

ದನದ ಡಾಕ್ಟ್ರು:
ಗೌಡರು ಹೇಳಿದ್ದು ಸರಿ. ಈ ಹೊತ್ತಲ್ಲಿ ಜಾರಿ ಬಿದ್ದರೆ ಕಂದು ಹಾಕಬಹುದು, ಅಂದ್ರೆ ಗರ್ಭಪಾತ ಆಗಬಹುದು. ಕಿಚ್ಚು ಹಾಯಿಸಿದರೆ ರಕ್ತ ಹೀರೋ ಉಣ್ಣೆ ಹುಳ ಉದುರುತ್ತೆ ಅಂತಲೂ ನಂಬಿ ಕೂರಬೇಡಿ. ಕಿವಿ ಒಳಗೆ, ಬಾಲದ ಬುಡದಲ್ಲಿ ಕಚ್ಚಿಕೊಂಡಿರೋ ಉಣ್ಣೆಗೆ ಒಂದು ಕ್ಷಣದ ಬೆಂಕಿ ಯಾವ ಲೆಕ್ಕ? ಕೊಂಬಿಗೆ ಬಲೂನು ಮಾತ್ರ ಕಟ್ಟಬೇಡಿ, ಒಡೆದ ಚೂರು ಮೇವಿನ ಜೊತೆ ಹೊಟ್ಟೆ ಸೇರುತ್ತೆ.

ತೀರ್ಥಹಳ್ಳಿ ಹುಡುಗ:
ನಮ್ಮ ಕಡೆ ಕಿಚ್ಚೇ ಇಲ್ಲ, ದೀಪಾವಳಿ ಪಾಡ್ಯಕ್ಕೆ ಗೋಪೂಜೆ. ಜೇಡಿ, ಕೆಮ್ಮಣ್ಣು ಕಲಸಿ, ಲೋಟದ ಬಾಯಿ ಅದ್ದಿ ಹಸುವಿನ ಮೈ ತುಂಬ ಉಂಗುರ ಒತ್ತುತ್ತೇವೆ. ಕಪ್ಪು ಹಸುವಿಗೆ ಬಿಳಿ ಉಂಗುರ ಏನು ಚೆಂದ ಗೊತ್ತಾ! ನಾಯಿ ವಿಷಯಕ್ಕೆ ನಗೋದೇನಿದೆ? ನೇಪಾಳದಲ್ಲಿ ತಿಹಾರ್ ಹಬ್ಬದ 2ನೇ ದಿನ ನಾಯಿಗೇ ಹಾರ ಹಾಕಿ ತಿಲಕ ಇಡುತ್ತಾರೆ. ಚನ್ನಪಟ್ಟಣದ ಹತ್ತಿರ ಅಗ್ರಹಾರ ವಳಗೆರೆಹಳ್ಳಿಯಲ್ಲಿ ನಾಯಿಗೆ ಗುಡಿಯೇ ಇದೆ, ನಿಮಗೇನು ದೂರ ಅಲ್ಲ. ಹಾರ ಹಾಕಲಿ, ಬೆಂಕಿ ಹತ್ತಿರ ಬೇಡ.

ಮದ್ದೂರಿನ ಸೊಸೆ:
ಎಲ್ಲವನ್ನೂ ಅತ್ತೆಗೆ ಓದಿ ಹೇಳಿದೆ. ಡಾಕ್ಟರ ಮಾತಿಗೆ ಬಗ್ಗಲಿಲ್ಲ, ಗೌಡರ ಅಪ್ಪನ ಕಾಲದ ಮಾತಿಗೆ ಒಪ್ಪಿದರು. ಕಿಚ್ಚಿನ ಬೂದಿ ತಂದು ಗೌರಿ ಹಣೆಗೆ ಇಡಬೇಕಂತೆ, ಅಷ್ಟೇ. ಮಗ ನಾಯಿಗೂ ಒಂದು ಚಿಟಿಕೆ ಈಗಲೇ ಕೇಳಿಟ್ಟಿದ್ದಾನೆ.