ಅಡಿಕೆ ಮಂಡಿ ಗುಮಾಸ್ತರ ಗ್ರ್ಯಾಚುಟಿ: 9 ವರ್ಷ 8 ತಿಂಗಳಿಗೆ ಲೆಕ್ಕ ಹೇಗೆ?

ಮಂಡಿ_ಶಿವಮೊಗ್ಗ:
ವರ್ಷಪೂರ್ತಿ ಇರುವವರು 8 ಮಂದಿ. ಕೊನೆಕೊಯ್ಲು ಮುಗಿದು ಮಾಲು ಬರುವಾಗ ಅಡಿಕೆ ಆರಿಸಲು ಇನ್ನೂ 4 ಹೆಂಗಸರು ಬರುತ್ತಾರೆ. ನಮ್ಮ ಗುಮಾಸ್ತರು ಈ ತಿಂಗಳ ಕೊನೆಗೆ ಕೆಲಸ ಬಿಡುತ್ತಿದ್ದಾರೆ. ಸೇವೆ 9 ವರ್ಷ 8 ತಿಂಗಳು. ಮೂಲ ವೇತನ, ತುಟ್ಟಿಭತ್ಯೆ ಸೇರಿ 14,300. ಮನೆ ಬಾಡಿಗೆ ಭತ್ಯೆ 2,700. ಪ್ರತಿ ದೀಪಾವಳಿಗೆ ಬೋನಸ್ ಕೊಟ್ಟಿದ್ದೇವೆ. 25,000 ಮುಂಗಡ ಬಾಕಿ ಇದೆ. ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ತಕ್ಕಂತೆ ಕೊಡುವ ಗ್ರ್ಯಾಚುಟಿ ಹಣ ಕೊಡಲೇಬೇಕೇ? ಮುಂಗಡ ಅದರಲ್ಲೇ ಮುರಿದುಕೊಳ್ಳಬಹುದೇ?

ಲೆಕ್ಕಪತ್ರ_ಸಾಗರ:
ಕೊಡಲೇಬೇಕು ಸರ್. ಹಿಂದಿನ 12 ತಿಂಗಳಲ್ಲಿ ಯಾವುದೇ ಒಂದು ದಿನ 10 ಜನ ಕೆಲಸದಲ್ಲಿದ್ದರೆ ಸಾಕು, ಕಾನೂನು ಅನ್ವಯಿಸುತ್ತದೆ. ಆರಿಸುವ ಹೆಂಗಸರೂ ಆ ಎಣಿಕೆಯಲ್ಲಿ ಸೇರುತ್ತಾರೆ, ಹಾಗಾಗಿ ನಿಮ್ಮಲ್ಲಿ 12. ಒಮ್ಮೆ ಅನ್ವಯಿಸಿದ ಮೇಲೆ ಜನ ಕಡಿಮೆಯಾದರೂ ಬಿಡುಗಡೆಯಿಲ್ಲ.

ಕೊನೆಯ ವರ್ಷದಲ್ಲಿ ಆರು ತಿಂಗಳು ಮೀರಿದ್ದರೆ ಅದು ಪೂರ್ಣ ವರ್ಷ. ಅಂದರೆ 10 ವರ್ಷ. 14,300 ಅನ್ನು 26ರಿಂದ (ತಿಂಗಳ ಕೆಲಸದ ದಿನಗಳು) ಭಾಗಿಸಿದರೆ ದಿನಕ್ಕೆ 550. ಸೇವೆಯ ಪ್ರತಿ ವರ್ಷಕ್ಕೆ 15 ದಿನದ ವೇತನ, ಅಂದರೆ 8,250. 10 ವರ್ಷಕ್ಕೆ 82,500 ರೂಪಾಯಿ. ಅನೇಕರು 30ರಿಂದ ಭಾಗಿಸುತ್ತಾರೆ, ಆಗ ಕೆಲಸಗಾರರಿಗೆ 11,000 ಖೋತಾ.

ಮನೆ ಬಾಡಿಗೆ ಭತ್ಯೆ ಸೇರುವುದಿಲ್ಲ. ಆದರೆ 2025ರ ನವೆಂಬರ್ 21ರಿಂದ ಜಾರಿಯಾದ ಹೊಸ ಕಾರ್ಮಿಕ ಸಂಹಿತೆಗಳ ಪ್ರಕಾರ ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ ದಾಟಿದ ಭಾಗ ವೇತನಕ್ಕೇ ಸೇರುತ್ತದೆ. ನಿಮ್ಮಲ್ಲಿ ಆ ಪ್ರಶ್ನೆ ಬರುವುದಿಲ್ಲ. ಬೋನಸ್ ಬೇರೆ, ಪಿಎಫ್ ಬೇರೆ. ಅವನ್ನು ಕೊಟ್ಟಿದ್ದೇವೆಂದು ಇದನ್ನು ಬಿಡಲಾಗದು.

ಕಾಯ್ದೆ_ಮಾತು:
ಮುಂಗಡದ ವಿಷಯಕ್ಕೆ ಬರುತ್ತೇನೆ, ಮಂಡಿಗಳಲ್ಲಿ ಜಗಳ ಹುಟ್ಟುವುದೇ ಇಲ್ಲಿ. ಗ್ರ್ಯಾಚುಟಿಯಲ್ಲಿ ಅದನ್ನು ಮುರಿದುಕೊಳ್ಳಬೇಡಿ. ಬೇಕೆಂದೇ ಅಥವಾ ನಿರ್ಲಕ್ಷ್ಯದಿಂದ ನಷ್ಟ ಮಾಡಿದ್ದಕ್ಕೆ ಕೆಲಸದಿಂದ ತೆಗೆದರೆ ಆ ನಷ್ಟದ ಮೊತ್ತದಷ್ಟು, ಗಲಭೆ, ಹಿಂಸೆ ಅಥವಾ ಕೆಲಸದ ವೇಳೆ ನೈತಿಕ ಅಧಃಪತನದ ಅಪರಾಧಕ್ಕೆ ತೆಗೆದರೆ ಪೂರ್ತಿ ಅಥವಾ ಭಾಗಶಃ ತಡೆಹಿಡಿಯಬಹುದು. ಇವರು ತಾವಾಗಿಯೇ ಬಿಡುತ್ತಿದ್ದಾರೆ. ಕೊನೆಯ ಸಂಬಳದಲ್ಲಿ ಮುಂಗಡ ಹಿಡಿಯಬಹುದು, ಒಟ್ಟು ಕಡಿತ ಸಂಬಳದ ಅರ್ಧ ಮೀರಬಾರದು. ಉಳಿದದ್ದಕ್ಕೆ ಕಂತು ಗೊತ್ತುಮಾಡಿ ಬರೆಸಿಕೊಳ್ಳಿ.

ಗಡುವು ಎರಡು. ಬಾಕಿ ಸಂಬಳ ಕೆಲಸ ಬಿಟ್ಟ 2 ಕೆಲಸದ ದಿನಗಳೊಳಗೆ. ಗ್ರ್ಯಾಚುಟಿ 30 ದಿನಗಳೊಳಗೆ. ಅವರು ಅರ್ಜಿ ಹಾಕಿಲ್ಲ ಎಂದು ಕಾಯುವಂತಿಲ್ಲ, ತಡವಾದರೆ ಬಡ್ಡಿ ಬೀಳುತ್ತದೆ. ನಗದು ಬೇಡ, ಬ್ಯಾಂಕ್ ಮೂಲಕವೇ ಕೊಟ್ಟು, ಸೇರಿದ ದಿನ, ಬಿಟ್ಟ ದಿನ, ಕೊನೆಯ ವೇತನ, ವರ್ಷಗಳ ಲೆಕ್ಕ ಇರುವ ಚೀಟಿಗೆ ಇಬ್ಬರೂ ಸಹಿ ಹಾಕಿ.

ಮಂಡಿ_ಶಿವಮೊಗ್ಗ:
ಧನ್ಯವಾದ. ಆರಿಸುವ ಹೆಂಗಸರಿಗೂ ಉಂಟೇ? ಆರೇಳು ವರ್ಷದಿಂದ ಅವರೇ ಬರುತ್ತಿದ್ದಾರೆ.

ಲೆಕ್ಕಪತ್ರ_ಸಾಗರ:
ಹಾಜರಿ ನೋಡಿ. ನಿಮ್ಮ ಮಂಡಿ ವರ್ಷವಿಡೀ ನಡೆಯುವುದರಿಂದ ಸಾಮಾನ್ಯವಾಗಿ ವರ್ಷಕ್ಕೆ 240 ದಿನ ಕೆಲಸ ಆಗಿರಬೇಕು. ಮೂರ್ನಾಲ್ಕು ತಿಂಗಳು ಬಂದವರಿಗೆ ಅದು ತುಂಬುವುದಿಲ್ಲ. ಕೊಯ್ಲಿನ ಕಾಲದಲ್ಲಷ್ಟೇ ನಡೆಯುವ ಸುಲಿತದ ಶೆಡ್ಡಾದರೆ ಲೆಕ್ಕ ಬೇರೆ: ಶೆಡ್ಡು ನಡೆದ ದಿನಗಳಲ್ಲಿ ಮುಕ್ಕಾಲು ಭಾಗ ಬಂದಿದ್ದರೆ ಸೇವೆ ಕೂಡುತ್ತದೆ, ಪ್ರತಿ ಋತುವಿಗೆ 7 ದಿನದ ಕೂಲಿ. ಸುಲಿದಷ್ಟಕ್ಕೆ ಕೂಲಿಯಾದರೆ ಕೊನೆಯ ಮೂರು ತಿಂಗಳ ಸರಾಸರಿ ತೆಗೆಯಿರಿ.

ಇವರಲ್ಲಿ ಯಾರನ್ನಾದರೂ ಕೊಯ್ಲು ಮುಗಿದ ಮೇಲೂ ಗುಡಿಸಲು, ಚೀಲ ಹೊಲಿಯಲು ಉಳಿಸಿಕೊಂಡಿದ್ದರೆ ಆ ದಿನಗಳನ್ನೂ ಕೂಡಿಸಿ. ಬಟವಾಡೆ ಪುಸ್ತಕದಲ್ಲಿ ಅವು ಬೇರೆ ಪುಟದಲ್ಲಿರುವುದರಿಂದ 240 ದಾಟಿದ್ದು ಎಷ್ಟೋ ಸಲ ಕಣ್ಣಿಗೆ ಬೀಳುವುದಿಲ್ಲ, ನಷ್ಟವಾಗುವುದು ಆ ಹೆಂಗಸರಿಗೆ.