ಅಪ್‌ಡೇಟ್: ಗುಂಗುರ ಕೂದಲ ಉಬ್ಬೋದು ಭಾಳ ಕಮ್ಮಿ ಆಗ್ಯಾದ

ಕಲಬುರಗ್ಯಾಗ ಮನ್ಯಾಗೇ ತಲಿ ಒಣಗಿಸ್ಕೊಂಡ್ರ ಗುಂಗುರ ಕೂದಲ ಸಿಬರೆದ್ದು ಉಬ್ಬತಾವ ಏನ್ ಮಾಡ್ಲಿ ಅಂತ ಕೇಳಿದ್ದೆ ಅಲ್ರಿ, ಈಗ ಭಾಳ ಚಲೋ ಆಗ್ಯಾವ. ದೊಡ್ಡ ಫರಕ್ ಬಿದ್ದಿದ್ದು ಟವೆಲ್ ಬಿಟ್ಟಿದ್ದಕ್ಕ. ಹಳೇ ಕಾಟನ್ ಟೀಶರ್ಟ್‌ಲೇ ತಿಕ್ಕದೇ ಬರೇ ಹಿಚುಕಿ ನೀರ್ ತಗೀತೀನಿ, ಅದಕ್ಕೂ ಮೊದಲ ಕೂದಲ ನೀರ್ ಸೋರ್ತಿರುವಾಗನೇ ಜೆಲ್ ಹಚ್ಚಬೇಕು, ಅರ್ಧ ಒಣಗಿದ ಮ್ಯಾಲ ಹಚ್ಚಿದ್ರ ಸುರುಳಿ ಕೂಡಂಗಿಲ್ಲ.

ಜೆಲ್ ಅಗಸಿ ಬೀಜದ್ದೇ. 2 ದೊಡ್ಡ ಚಮಚ ಅಗಸಿ, 2 ಕಪ್ ನೀರು, ಕೈಯಾಡಿಸ್ತಾ ಕುದಿಸಿ ತತ್ತಿ ಬಿಳಿ ಲೋಳಿಯಂಗ ಆದ ಕೂಡ್ಲೇ ಬಿಸಿ ಇದ್ದಾಗನೇ ಸೋಸ್ರಿ, ಆರಿದ್ರ ಅರಿವ್ಯಾಗಿಂದ ಇಳ್ಯಂಗೇ ಇಲ್ಲ. ಫ್ರಿಜ್‌ನಾಗ ಒಂದ್ ವಾರ ಇರ್ತದ (ನಮ್ಮ ಕಡಿ ಅಗಸಿ ಹಿಂಡಿ ಮಾಡದ ಮನಿ ಎಲ್ಲದ, ಸಾಮಾನು ಹುಡುಕೋದೇ ಬ್ಯಾಡ).

ಸೀಲಿಂಗ್ ಫ್ಯಾನ್ ಕೆಳಗ ಕೂಡಬ್ಯಾಡ್ರಿ, ಗಾಳಿಗೆ ಸುರುಳಿ ಎಳಿ ಎಳಿ ಬಿಡ್ತಾವ. ಡ್ರೈಯರ್‌ಗೆ ಡಿಫ್ಯೂಸರ್ (ಗಾಳಿ ಹರಡಿ ಬಿಡೋ ಅಗಲ ತೂತಿನ ಬಾಯಿ) ಹಾಕಿ ಕಮ್ಮಿ ಬಿಸಿ ಕಮ್ಮಿ ಸ್ಪೀಡ್ ಇಟ್ಟು ತಲಿ ಬಗ್ಗಿಸಿ ಒಣಗಿಸ್ರಿ, ಪೂರ್ತಿ ಒಣಗೋ ತನಕ ಕೈ ಹಚ್ಚಬ್ಯಾಡ್ರಿ. ಜೆಲ್ ಒಣಗಿ ಕೂದಲ ಕಡಕ್ ಆಗಿ ನಿಂತಿದ್ದು ನೋಡಿ ಗಾಬ್ರಿ ಆಗಬ್ಯಾಡ್ರಿ, ಅಂಗೈಗೆ ಎರಡ್ ಹನಿ ಕೊಬ್ರಿ ಎಣ್ಣಿ ಸವರಿ ಹಿಚುಕಿದ್ರ ಮೆತ್ತಗಾಗ್ತಾವ. ಬೋರ್ ನೀರಿನ ಗಡಸು ಒಂದೇ ಇನ್ನಾ ಕಾಡ್ಲತ್ತದ, ಅದಕ್ಕ ಕಡೀ ಚೆಂಬು ಫಿಲ್ಟರ್ ನೀರು ಹಾಕ್ಕೋತೀನಿ.